ಮೂತಿ ಮುಳುಗುತ್ತಿದ್ದ ದೋಣಿ

ಏಕೀಕರಣವಾದ ವರ್ಷ, ಅಂದರೆ ೧೯೫೬ರಲ್ಲಿ, ನಾನು ಮುಂಡರಗಿ ಸೀಮೆಯಲ್ಲಿ ತುಂಗಭದ್ರೆ ದಾಟಿಸುವ ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದೆ. ಅದಕ್ಕೂ ಮೊದಲು ಸತ್ತ ಗಂಡನ ಹರಗೋಲು ನಡೆಸಿದವಳು. ಆ ವರ್ಷ ಸರಕಾರದಿಂದ ಇಪ್ಪತ್ತು ಜನ ಹಿಡಿಸುವ ಹೊಸ ಮರದ ದೋಣಿ ಬಂತು. ಹುಟ್ಟು ಹಾಕಲು ಇಬ್ಬರು ಗಂಡಸರು, ಹಿಂತುದಿಯಲ್ಲಿ ನಾನು.

ಆ ಹಾಳು ದೋಣಿ ನೆಟ್ಟಗೆ ಹೋಗಲೊಲ್ಲದು. ನಡುಹೊಳೆಗೆ ಬಂದರೆ ಮೂತಿ ನೀರಿಗೆ ಊರಿ, ಹಿಂಭಾಗ ಗರ್ರನೆ ತಿರುಗುತ್ತಿತ್ತು. ಬಡಿಗೇರ ಎರಡು ಸಲ ಚುಕ್ಕಾಣಿಯ ಹಲಗೆ ಅಗಲ ಮಾಡಿದ. ಏನೂ ಆಗಲಿಲ್ಲ. ಹೆಂಗಸಿನ ಕೈಗೆ ಕಸುವಿಲ್ಲ ಎಂದಿತು ಊರು. ಸೋಮವಾರ ಸರಕಾರದ ಸಾಹೇಬರು ನೋಡಲು ಬರುತ್ತಾರೆ, ಅವತ್ತೂ ತಿರುಗಿದರೆ ನನ್ನನ್ನು ಬಿಡಿಸಿ ಗಂಡಾಳನ್ನು ಇಡುತ್ತಾರೆ ಎಂದು ಖಬರು ಬಂತು.

ಹಾಲವಾಣದ ಕಟ್ಟಿಗೆ ಕೆತ್ತಿ ಗೇಣುದ್ದದ ದೋಣಿ ಮಾಡಿದೆ. ಎಮ್ಮೆ ನೀರು ಕುಡಿಯುವ ತೊಟ್ಟಿಯಲ್ಲಿ ಬಿಟ್ಟು, ಹಿಂದಿನಿಂದ ತಳ್ಳಿದೆ. ಭಾರಕ್ಕೆಂದು ಇಟ್ಟ ಹರಳುಕಲ್ಲು ಮೂತಿಯಲ್ಲಿದ್ದರೆ ಅಡ್ಡ ತಿರುಗಿತು. ನಡುವಿನಿಂದ ತುಸು ಹಿಂದೆ ಸರಿಸಿದರೆ ನೆಟ್ಟಗೆ ಹೋಯಿತು. ಮೂತಿ ಮುಳುಗಿದರೆ ಹಿಂಭಾಗ ಮೇಲೇಳುತ್ತದೆ. ಗಾಳಿಯಲ್ಲಿರುವ ಚುಕ್ಕಾಣಿ ಎಷ್ಟು ಅಗಲವಿದ್ದರೇನು?

ಭಾರ ಯಾರದೆಂದು ಹುಡುಕಬೇಕಿರಲಿಲ್ಲ. ನಮ್ಮಲ್ಲಿ ಹಿರಿಯರಿಗೆ ಬೆನ್ನು ಮಾಡಿ ಯಾರೂ ಕೂರುವುದಿಲ್ಲ. ಹಾಗಾಗಿ ಊರಿನ ದೇಸಾಯರು ಮೂತಿಯಲ್ಲಿ, ಅವರ ಜೋಳದ ಚೀಲಗಳು ಅವರ ಮಗ್ಗುಲಲ್ಲಿ, ಬಡಕಲು ಹೆಂಗಸರು ಹಿಂದೆ.

ಸೋಮವಾರ ಸಾಹೇಬರು ಹತ್ತಿದರು. ನಾನು ಹಗ್ಗ ಬಿಚ್ಚಲಿಲ್ಲ. ದೇಸಾಯರಿಗೆ ಹಿಂದೆ ಬರಲು ಹೇಳಿದೆ.

“ಹೆಂಗಸರ ಬೆನ್ನಿಗೆ ನಾ ಕುಂಡ್ರಬೇಕೇನ?”

“ನನ್ನ ಕಡೆ ಮಾರಿ ಮಾಡಿ ಕುಂಡ್ರಿ. ಉಳಿದವರನ್ನೂ ಹಂಗ ತಿರುಗಿಸ್ತೀನಿ. ಆಗ ನೀವ ಎಲ್ಲಾರಕಿಂತ ಮುಂದ.”

ಅವರು ಬಿಸಿಲಲ್ಲಿ ಬಹಳ ಹೊತ್ತು ಯೋಚಿಸಿ, ಎದ್ದು ಬಂದರು. ಚೀಲಗಳೂ ಬಂದವು. ಎಲ್ಲರೂ ಹೋಗುವ ದಂಡೆಗೆ ಬೆನ್ನು ಮಾಡಿ ಕೂತರು. ದೋಣಿ ದಾರ ಹಿಡಿದಂತೆ ಹೋಯಿತು. ದಾರಿಯುದ್ದಕ್ಕೂ ದೇಸಾಯರು ನನ್ನ ಮುಖ ನೋಡಬೇಕಾಯಿತು, ನಾನು ಅವರದು. ಇಬ್ಬರಿಗೂ ಸುಖವಿರಲಿಲ್ಲ.

ನನ್ನ ಕೆಲಸ ಉಳಿಯಿತು. ಬಡಿಗೇರನ ಅಗಲ ಚುಕ್ಕಾಣಿ ಬಹಳ ಚೆನ್ನಾಗಿದೆ ಎಂದು ಸಾಹೇಬರು ಬರೆದುಕೊಂಡು ಹೋದರು.

ಮುಂದೆ ಹದಿನಾರು ವರ್ಷ ಆ ದೋಣಿ ನಡೆಸಿದೆ. ಕಲಿತದ್ದು ಇಷ್ಟೇ: ದೋಣಿ ಮಾತು ಕೇಳದಿದ್ದರೆ ಬಡಿಗೇರನನ್ನು ಕರೆಯುವ ಮೊದಲು ಯಾರು ಎಲ್ಲಿ ಕೂತಿದ್ದಾರೆ ನೋಡಬೇಕು. ಅವರನ್ನು ಎಬ್ಬಿಸುವುದಕ್ಕೆ ಹೊಳೆ ದಾಟುವುದಕ್ಕಿಂತ ಹೆಚ್ಚು ಹೊತ್ತು ಬೇಕು.