ಕೇಸರಿ ಜೆರ್ಸಿಗೆ ಸಿಕ್ಕ ಸೇವೆ

“ಬೈಠೋ ಭೋಲೇ!” ಎನ್ನುತ್ತ ಮಾನೇಸರ್ ಹೆದ್ದಾರಿ ಬದಿಯ, ಯಾತ್ರಿಕರ ಊಟೋಪಚಾರಕ್ಕೆ ಹಾಕಿದ್ದ ಶಾಮಿಯಾನದಲ್ಲಿ ಬಿಳಿಮೀಸೆಯ ಅಜ್ಜನೊಬ್ಬ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದ. ಜೈಪುರಕ್ಕೆ ಸೈಕಲ್ ತುಳಿಯುತ್ತಿದ್ದ ನಮ್ಮ ಗುರುಗ್ರಾಮದ ಗೆಳೆಯರ ತಂಡದ ಕೇಸರಿ ಜೆರ್ಸಿ ನೋಡಿ ನಮ್ಮನ್ನು, ಕೇಸರಿ ತೊಟ್ಟು ಹರಿದ್ವಾರದಿಂದ ಗಂಗಾಜಲ ಹೊತ್ತು ತರುವ, ‘ಭೋಲೇ’ ಎಂದೇ ಕರೆಸಿಕೊಳ್ಳುವ ಶ್ರಾವಣದ ಶಿವಯಾತ್ರಿಕರೆಂದುಕೊಂಡಿದ್ದ. ನಿಜ ಹೇಳೋಣವೆಂದರೆ ಬಾಯಿತುಂಬ ಬಿಸಿ ಪೂರಿ!

“ಗಂಗಾಜಲ ಎಲ್ಲಿ?” ಎಂದ. ಪಕ್ಕದಲ್ಲಿ ಕಾಲು ಒತ್ತಿಸಿಕೊಳ್ಳುತ್ತಿದ್ದ ಮಂಗಳೂರಿನ ಜೋಸೆಫ್ ಗಾಬರಿಯಲ್ಲಿ ತನ್ನ ಗ್ಲೂಕೋಸ್ ಬಾಟಲಿ ಎತ್ತಿ ತೋರಿಸಿದ. ಒಳಗಿನ ಕಿತ್ತಳೆ ಬಣ್ಣದ ನೀರು ನೋಡಿ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಾಚಿಕೆಯಿಂದ ನಾನು ಏಳಹೋದೆ.

“ಎಲ್ಲಿಗೆ? ಚಲೋ ಬೇಟಾ, ಇನ್ನೊಂದು ಕಾಲು ಕೊಡು.”

ಮುಂದಿನ ಪ್ರವಾಸಕ್ಕೆ ಜೆರ್ಸಿಯ ಬಣ್ಣ ಬದಲಿಸೋಣವೆಂದು ಯಾರೋ ಅಂದಾಗ, ಸುತರಾಂ ಬೇಡವೆಂದು ಹಟ ಹಿಡಿದವನು ಜೋಸೆಫನೇ.