ಬಾಳಪ್ಪನ ಗಾಡಿಯ ಹಿಂದೆ ಯಾರೂ ನಿಲ್ಲಲಿಲ್ಲ

ಅದು 2022 ಇರಬೇಕು. 2023 ಎಂದು ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಗೋಕಾಕದಲ್ಲಿ ನನ್ನ ಆಟೋ ಇಲೆಕ್ಟ್ರಿಕಲ್ ಅಂಗಡಿ ಆಗಲೂ ಇತ್ತು, ಈಗಲೂ ಇದೆ. ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಮತ್ತು ದೀಪದ ಕೆಲಸ ಮಾಡುತ್ತೇನೆ. ಆ ಸಂಜೆ ನಡೆದದ್ದನ್ನು ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ಕಂಡಷ್ಟನ್ನೇ ಬರೆಯುತ್ತೇನೆ, ಅದರಲ್ಲೂ ತಪ್ಪಿರಬಹುದು.

ಮೂಡಲಗಿಯ ಅಪ್ಪಾಸಾಬ ಬಾಡಿಗೆ ಕಾರು ಇಟ್ಟವರು. ಅದನ್ನು ಓಡಿಸುತ್ತಿದ್ದವನು ಬಾಳಪ್ಪ. ಇಬ್ಬರೂ ಒಟ್ಟಿಗೇ ಬಂದರು. ಕಾರಿನ ಹಿಂದಿನ ಬಂಪರ್ ಸೀಳಿತ್ತು, ಬಲಗಡೆಯ ದೀಪದ ಗಾಜು ಒಡೆದಿತ್ತು. ಹಿಂದಿನ ದಿನ ಕತ್ತಲಾಗುವಾಗ ಅಪ್ಪಾಸಾಬರ ಮನೆ ಮುಂದೆ ರಿವರ್ಸ್ ತೆಗೆಯುತ್ತ ಬಾಳಪ್ಪ ಗೇಟಿನ ಕಂಬಕ್ಕೆ ಹೊಡೆದಿದ್ದ.

ನಮ್ಮ ಕಡೆ ಗಾಡಿ ಹಿಂದಕ್ಕೆ ಬರುತ್ತಿದ್ದರೆ ಯಾರಾದರೂ ಹಿಂದೆ ನಿಂತು ಕೂಗಲೇಬೇಕು: “ಬರ್ಲಿ, ಬರ್ಲಿ, ಬರ್ಲಿ... ಹಾಂ, ಸಾಕ್!” ಕರೆಯದಿದ್ದರೂ ಬರುತ್ತಾರೆ. ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟು ಬರುತ್ತಾರೆ. ಡ್ರೈವರು ಕನ್ನಡಿ ಮರೆತು ಆ ದನಿಯ ಮೇಲೆಯೇ ಗಾಡಿ ತೆಗೆಯುತ್ತಾನೆ. ಕಂಬಕ್ಕೆ ಹೊಡೆದ ದಿನ ಕೂಗಿದವರು ಅಪ್ಪಾಸಾಬರೇ. “ಸಾಕ್” ಎಂದದ್ದು ಬಾಳಪ್ಪನಿಗೆ ಕೇಳಿಸಲಿಲ್ಲ. ಹಿಂದೊಮ್ಮೆ ಜ್ವರ ಬಂದು ಅವನ ಒಂದು ಕಿವಿ ಹೋಗಿತ್ತು. ಡಾಕ್ಟರು ನೋಡಿ ಓಡಿಸಬಹುದು ಎಂದಿದ್ದರು, ಲೈಸನ್ಸೂ ಚಾಲ್ತಿಯಲ್ಲಿತ್ತು.

“ಮಿಸ್ತ್ರಿ, ನೀವರ ಬುದ್ಧಿ ಹೇಳ್ರಿ ಇವಂಗ,” ಎಂದರು ಅಪ್ಪಾಸಾಬ. “ಕಿವಿ ಹೋದಾವಂಗ ಸ್ಟೇರಿಂಗ್ ಯಾಕ ಬೇಕು? ನಾಳಿಂದ ಬ್ಯಾರೆ ಡ್ರೈವರ್ ನೋಡ್ತೇನಿ.”

“ಸ್ಟೇರಿಂಗ್ ಕಿವೀಲೆ ಹಿಡ್ಯಾಂಗಿಲ್ರಿ ಸಾವಕಾರ್ರ, ಕೈಲೆ ಹಿಡೀತಾರ,” ಎಂದ ಬಾಳಪ್ಪ.

ನಾನು ಯಾರಿಗೂ ಬುದ್ಧಿ ಹೇಳಲಿಲ್ಲ. ಬಾಳಪ್ಪನಿಗೆ ರಿವರ್ಸ್ ಗೇರ್ ಹಾಕು ಎಂದು ಹೇಳಿ ಹಿಂದೆ ಹೋಗಿ ನೋಡಿದೆ. ಗಾಜು ಒಡೆಯದ ಎಡಗಡೆಯ ಬಿಳಿ ದೀಪವೂ ಹತ್ತಲಿಲ್ಲ. ಬಲ್ಬ್ ಚೆನ್ನಾಗಿತ್ತು, ಕರೆಂಟ್ ಬರುತ್ತಿರಲಿಲ್ಲ. ರಿವರ್ಸ್ ಗೇರ್ ಬಿದ್ದಾಗ ಗೇರ್‌ಬಾಕ್ಸಿನ ಒಂದು ಸಣ್ಣ ಸ್ವಿಚ್ ಒತ್ತಿಕೊಂಡು ಈ ದೀಪಗಳಿಗೆ ಕರೆಂಟ್ ಬಿಡುತ್ತದೆ. ಅದನ್ನು ಬಿಚ್ಚಿದೆ. ಪಿನ್ನುಗಳು ಹಸಿರುಗಟ್ಟಿ ತಿಂದುಹೋಗಿದ್ದವು.

“ಇದು ನಿನ್ನಿ ಹೋದದ್ದಲ್ರಿ. ಭಾಳ ದಿನಾ ಆತು,” ಎಂದೆ.

“ಹಂಗಾದ್ರ ಇವಾ ಯಾಕ ಹೇಳ್ಲಿಲ್ಲ?”

“ಹೇಳೇನಲ್ರಿ! ‘ಹಿಂದ ನಿಂತ ಒದರಾಕ ಮಂದಿ ಇರ್ತಾರ ತಗೋ’ ಅಂದ್ರಿ ನೀವ,” ಎಂದ ಬಾಳಪ್ಪ.

ಅಪ್ಪಾಸಾಬ ತಾವು ಹಾಗೆ ಅಂದೇ ಇಲ್ಲ ಎಂದರು. ಯಾರ ನೆನಪು ಖರೆ ಎಂದು ತೀರ್ಮಾನಿಸಲು ನಾನು ಯಾರು? ನನ್ನ ಕೈಯಲ್ಲಿದ್ದ ಸ್ವಿಚ್ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ.

ಹೊಸ ಸ್ವಿಚ್ ಹಾಕಿ, ಒಡೆದ ಗಾಜು ಬದಲಿಸಿದೆ. ದೀಪ ಹತ್ತಿತು, ಆದರೆ ಮಂಕಾಗಿ. ಡಿಕ್ಕಿಯ ಒಳಗೆ ಕಾರಿನ ಕಬ್ಬಿಣದ ಮೈಗೆ ಕೂಡಿಸಿದ ಅರ್ಥ್ ವೈರ್ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದ ಮೇಲೆ ಬೆಳಕು ಸರಿಯಾಯಿತು.

“ಇಷ್ಟ ಸಾಲಂಗಿಲ್ಲ ಮಿಸ್ತ್ರಿ. ನನಗ ಕಂಬದ ಬುಡ ಕಾಣಬೇಕು,” ಎಂದ ಬಾಳಪ್ಪ.

ಬಂಪರ್ ಕೆಳಗೆ ನೆಲಕ್ಕೆ ಬಾಗಿಸಿ ಒಂದು ಎಲ್‌ಇಡಿ ದೀಪ ಕೂರಿಸಿದೆ. ಅದರ ಭಾರವೂ ಸಣ್ಣ ಸ್ವಿಚ್ಚಿನ ಮೇಲೆ ಬಿದ್ದರೆ ಸ್ವಿಚ್ ಸುಡುತ್ತದೆ. ಅದಕ್ಕೆ ನಡುವೆ ರಿಲೇ ಹಾಕಿದೆ. ಸ್ವಿಚ್ ಸನ್ನೆ ಮಾಡುತ್ತದೆ, ಕರೆಂಟಿನ ಭಾರ ಹೊರುವುದು ರಿಲೇ.

ಕೆಲಸ ಮುಗಿದಾಗ ಮಬ್ಬುಗತ್ತಲೆ. ಪಕ್ಕದ ಇಕ್ಕಟ್ಟಾದ ಓಣಿಯಲ್ಲಿ ಹಿಂದಕ್ಕೆ ತೆಗೆದು ನೋಡಬೇಕಿತ್ತು. ಎದುರಿನ ಚಹಾದಂಗಡಿಯಲ್ಲಿ ಕೂತಿದ್ದವರು ಆಗಲೇ ಗಾಡಿ ಹಿಂದೆ ಬಂದು ನಿಂತಿದ್ದರು. ಬಾಳಪ್ಪ ಎಂಜಿನ್ ಬಂದ್ ಮಾಡಿದ.

“ಹಿಂದ ಯಾರೂ ನಿಂದರಬ್ಯಾಡ್ರಿ. ನಿಂತ್ರ ನಾ ಗಾಡಿ ತಗ್ಯಾಂಗಿಲ್ಲ.”

“ಲೇ ಬಾಳ್ಯಾ, ಒದರಾವ್ರ ಇಲ್ಲದ ಹೆಂಗ ತಗೀತಿ?” ಎಂದರು ಅಪ್ಪಾಸಾಬ.

ಬಾಳಪ್ಪ ಇಳಿದು ಕೀಲಿ ಮುಂದೆ ಹಿಡಿದ. “ನಿಮ್ಮ ಎರಡೂ ಕಿವಿ ಗಟ್ಟಿ ಅದಾವಲ್ರಿ. ಮೊದಲ ನೀವ ತಗದ ತೋರಿಸ್ರಿ.”

ಹಿಂದೆ ನಿಂತವರು ಬದಿಗೆ ಸರಿದರು. ಅಷ್ಟು ಜನರೆದುರು ಅಪ್ಪಾಸಾಬ ಹಿಂದೆ ಸರಿಯುವಂತಿರಲಿಲ್ಲ. ಕೂತರು. ಓಣಿಯ ಅರ್ಧಕ್ಕೆ ಗಾಡಿ ಸೊಟ್ಟಾಗಿ ಗಟಾರದ ಅಂಚಿಗೆ ಬಂತು. ಕಿಟಕಿಯಿಂದ ತಲೆ ಹೊರಬಂತು: “ಲೇ, ಯಾರರ ಒದರ್ರೋ!”

ಯಾರೂ ಒದರಲಿಲ್ಲ. ಎಂಜಿನ್ ಮೂರು ಸಲ ನಿಂತಿತು ಎಂದು ಬಾಳಪ್ಪ ಇವತ್ತಿಗೂ ಹೇಳುತ್ತಾನೆ. ನನಗೆ ಒಂದೇ ಸಲ ನೆನಪಿದೆ. ಅಪ್ಪಾಸಾಬ ಕೆಳಗಿಳಿದು, “ಮಂದಿ ಹಿಂಗ ಮೂಕಬಸವ ಆದ್ರ ಯಾರಿಗ್ ಬರ್ತೈತಿ?” ಎಂದು ಗೊಣಗಿದರು.

ಬಾಳಪ್ಪ ಗಾಡಿಯನ್ನು ಮುಂದಕ್ಕೆ ತಂದು ನೆಟ್ಟಗೆ ಮಾಡಿಕೊಂಡ. ಎರಡೂ ಕನ್ನಡಿ ನೋಡಿ, ಹೊರಳಿ ಹಿಂದೆ ನೋಡಿ, ಗೇರ್ ಹಾಕಿದ. ಓಣಿಯ ಗೋಡೆ, ಗಟಾರದ ಕಲ್ಲು, ಬಿದ್ದಿದ್ದ ಒಂದು ಚಪ್ಪಲಿ ಕೂಡ ಬೆಳಕಿಗೆ ಬಂದವು. ಓಣಿಯ ಕೊನೆಯ ಗೋಡೆಗೆ ಗೇಣು ಅಂತರ ಬಿಟ್ಟು ನಿಲ್ಲಿಸಿದ.

ಅಪ್ಪಾಸಾಬ ಹೊಗಳಲಿಲ್ಲ. “ನಾಳಿ ಹುಕ್ಕೇರಿ ಬಾಡಿಗಿ ಐತಿ, ಜಲ್ದಿ ಬಾ,” ಎಂದರು.

“ಬರ್ತೇನಿ. ಗಾಡಿ ಹಿಂದಕ ತಗಿಯುವಾಗ ನೀವ ಮನಿ ಒಳಗ ಇರ್ರಿ,” ಎಂದ ಬಾಳಪ್ಪ.

ಡ್ರೈವರ್ ಸರಿಯಿಲ್ಲ ಎಂದು ಹೇಳಿಕೊಂಡು ಬರುವವರು ಈಗಲೂ ಇದ್ದಾರೆ. ನಾನು ಮೊದಲು ಗಾಡಿಯನ್ನು ನೋಡುತ್ತೇನೆ. ಮನುಷ್ಯನ ಮೇಲೆ ತಪ್ಪು ಹೊರಿಸುವುದು ಸ್ವಿಚ್ ಬಿಚ್ಚುವುದಕ್ಕಿಂತ ಸುಲಭ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಅಷ್ಟು ಕಾಯಲಾಗದವರು ಬೇರೆ ಅಂಗಡಿ ನೋಡಿಕೊಳ್ಳಲಿ.