ಆರ್ಡಿಸ್ ಕೊಟ್ಟ ಗಾಜಿನ ಪಾತ್ರೆ

ಆರ್ಡಿಸ್ ಟಾಲೆಫ್ಸನ್ ಮಾಡುತ್ತಿದ್ದ ಹಾಟ್‌ಡಿಶ್‌ಗೆ ಉಪ್ಪೂ ಇರುತ್ತಿರಲಿಲ್ಲ, ಖಾರವೂ ಇರುತ್ತಿರಲಿಲ್ಲ. ಕೊಚ್ಚಿದ ದನದ ಮಾಂಸ, ಅದರ ಮೇಲೆ ಡಬ್ಬಿಯಿಂದ ಸುರಿದ ಅಣಬೆ ಸೂಪು, ಅದರ ಮೇಲೆ ಆಲೂಗಡ್ಡೆ ಉಂಡೆಗಳ ಸಾಲು. ಇಷ್ಟನ್ನು ಗಾಜಿನ ಪಾತ್ರೆಗೆ ಹಾಕಿ ಓವನ್ನಿನಲ್ಲಿಟ್ಟರೆ ಆಯಿತು. ನಮ್ಮ ಮಿನ್ನೆಸೋಟದ ಬಿಳಿಯರಿಗೆ ಸಾವಿಗೂ ಅದೇ, ಹೆರಿಗೆಗೂ ಅದೇ, ಬೀದಿಗೆ ಹೊಸಬರು ಬಂದರೂ ಅದೇ. ನಾನು ದಕ್ಷಿಣದ ಮೆಂಫಿಸ್‌ನಲ್ಲಿ ಹುಟ್ಟಿದ ಕರಿಯ ಹೆಂಗಸು. ನನ್ನ ನಾಲಿಗೆಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಆದರೂ ನನ್ನ ತಮ್ಮ ಕ್ಲಿಯಾನ್ ಇವತ್ತು ಜೀವಂತ ಇದ್ದಾನೆ ಎಂದರೆ ಅದರಲ್ಲಿ ಆ ಸಪ್ಪೆ ಅಡುಗೆಗೂ ಪಾಲಿದೆ. ಇದನ್ನು ಹೇಳದೆ ಇದ್ದರೆ ನನ್ನಂಥ ಕೃತಘ್ನಳು ಇನ್ನೊಬ್ಬಳಿಲ್ಲ.

ಆರ್ಡಿಸ್ ನಮ್ಮ ಎದುರು ಮನೆಯವಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ವಿಧವೆ. ಅವಳ ಲೂಥರನ್ ಚರ್ಚಿನಲ್ಲಿ ಯಾರು ತೀರಿಕೊಂಡರೂ ಮೊದಲ ಫೋನು ಅವಳಿಗೆ. ಅವಳು ಇಬ್ಬರಿಗೆ ಹೇಳಬೇಕು, ಆ ಇಬ್ಬರು ಮತ್ತಿಬ್ಬರಿಬ್ಬರಿಗೆ. ಹೊತ್ತು ಮುಳುಗುವಷ್ಟರಲ್ಲಿ ಕಾಫಿ ಯಾರದು, ಸ್ಯಾಂಡ್‌ವಿಚ್ ಯಾರದು ಎಂದು ಊರಿಗೆಲ್ಲ ಗೊತ್ತಾಗಿರುತ್ತಿತ್ತು. ಸತ್ತವರ ವಿಷಯದಲ್ಲಿ ಇಷ್ಟು ಚುರುಕಾಗಿದ್ದ ಹೆಂಗಸರು ಬದುಕಿದ್ದವರ ವಿಷಯದಲ್ಲೂ ಹಾಗೇ ಇದ್ದರೆ ಎಷ್ಟು ಚೆನ್ನ ಎಂದು ಆಗ ನಾನು ಮೂಗು ಮುರಿಯುತ್ತಿದ್ದೆ.

ಕ್ಲಿಯಾನ್‌ಗೆ ಹರೆಯದಲ್ಲೇ ಮನಸ್ಸಿನ ಕಾಯಿಲೆ ಅಂಟಿಕೊಂಡಿತು. ಮಾತ್ರೆ ಹಿಡಿಸಿದಾಗ ಅವನಷ್ಟು ತಮಾಷೆಯ ಮನುಷ್ಯ ಬೀದಿಯಲ್ಲೇ ಇಲ್ಲ. ಚಳಿಗಾಲದಲ್ಲಿ ಒಮ್ಮೊಮ್ಮೆ ಹದ ತಪ್ಪುತ್ತದೆ. ಆಗ ತೀರಿಹೋದ ನಮ್ಮಮ್ಮ ಹಿಮದಡಿ ಸಿಕ್ಕಿಕೊಂಡು ಕೂಗುತ್ತಿದ್ದಾಳೆ ಎನ್ನುತ್ತಾನೆ. ಸಲಿಕೆ ಹಿಡಿದು ಹೊರಡುತ್ತಾನೆ. ಯಾರ ಮನೆ ಮುಂದೆ ಕೂಗು ಕೇಳಿತೋ ಅಲ್ಲೇ ಅಗೆಯುತ್ತಾನೆ. ಯಾರ ಮೈಗೂ ಕೈ ಹಾಕಿದವನಲ್ಲ. ಆದರೆ ಪರದೆ ಸರಿಸಿ ನೋಡುವವರಿಗೆ ಕಾಣುವುದು ಎತ್ತರದ ಕರಿಯ ಗಂಡಸು, ಅವನ ಕೈಯಲ್ಲಿ ಸಲಿಕೆ. ಅವರು ಫೋನು ಎತ್ತುತ್ತಾರೆ, ಪೊಲೀಸರು ಬರುತ್ತಾರೆ, ಆಮೇಲೆ ತಮ್ಮ ಮನೆಗೆ ಬರುತ್ತಾನೋ ಹೆಣ ಬರುತ್ತದೋ ಹೇಳುವವರಿಲ್ಲ. ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಈ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ ಆ ಫೋನು ಎತ್ತಿದವಳು ಆರ್ಡಿಸ್. ಬೆಳ್ಳಂಬೆಳಗ್ಗೆ ಅವಳ ಬಾಗಿಲಲ್ಲಿ ಕ್ಲಿಯಾನ್ ಅಗೆಯುತ್ತಿದ್ದ, ಕಳ್ಳ ಎಂದುಕೊಂಡಳು. ಇಬ್ಬರು ಪೊಲೀಸರು ಅವನನ್ನು ಹಿಮಕ್ಕೆ ಒತ್ತಿ ಹಿಡಿದಾಗ ಅವನ ಹೆಗಲ ಮೂಳೆ ಮುರಿಯಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿ, ‘ಇವನು ನನ್ನ ತಮ್ಮ, ಇವನು ನನ್ನ ತಮ್ಮ’ ಎಂದು ಗಂಟಲು ಹರಿಯುವಂತೆ ಕೂಗಿದ್ದಕ್ಕೆ ಅಷ್ಟಕ್ಕೇ ನಿಂತಿತು.

ಮರುದಿನ ಅವಳು ಬಂದಳು. ಕೈಯಲ್ಲಿ ಬಿಸಿ ಪಾತ್ರೆ, ಅದರ ಸುತ್ತ ಟವಲು.

"ನಿಮಗೆ ಅಂತ ಹಾಟ್‌ಡಿಶ್ ತಂದಿದ್ದೆ."

"ಬೇಡ," ಎಂದು ಬಾಗಿಲು ಹಾಕಿದೆ.

ಅದರ ಮರುದಿನವೂ ಬಂದಳು. ಬೇಡ ಎಂದೆ. ಮತ್ತೂ ಒಂದು ದಿನ ಬಂದು ನಿಂತಾಗ ನನ್ನ ಪಿತ್ತ ನೆತ್ತಿಗೇರಿತು.

"ನಿಮಗೆ ಕಿವಿ ಕೇಳಲ್ವೇನ್ರೀ? ಬೇಡ ಅಂದೆನಲ್ಲ!"

ಅವಳು ನಿಜಕ್ಕೂ ಗಲಿಬಿಲಿಗೊಂಡಳು. "ಇಲ್ಲಿ ಎಲ್ರೂ ಮೊದಲೆರಡು ಸಲ ಬೇಡ ಅಂತಾರಮ್ಮ. ಮೂರನೇ ಸಲ ತಗೋತಾರೆ. ಅದಕ್ಕೇ ಬಂದೆ."

"ನಮ್ಮ ಕಡೆ ಬೇಡ ಅಂದ್ರೆ ಬೇಡ."

"ಮೊದಲನೇ ಸಲಾನೇ?"

"ಹೂಂ, ಮೊದಲನೇ ಸಲಾನೇ!"

ಅವಳ ಕಣ್ಣು ತುಂಬಿಕೊಂಡಿತು. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು. "ಅಳೋದಿದ್ರೆ ನಿಮ್ಮನೇಲಿ ಅಳಿ. ಮೂಳೆ ಮುರಿದಿರೋದು ನನ್ನ ತಮ್ಮಂದು. ನಿಮ್ಮನ್ನ ಸಮಾಧಾನ ಮಾಡೋಕೆ ನನಗೆ ಪುರುಸೊತ್ತಿಲ್ಲ."

ಅವಳು ಟವಲಿನ ತುದಿಯಲ್ಲೇ ಮೂಗು ಒರೆಸಿಕೊಂಡಳು. "ಹಾಗಾದ್ರೆ ನಾನೇನು ಮಾಡ್ಲಿ, ಹೇಳಿ."

"ಇನ್ನೊಂದು ಸಲ ಹೆದರಿಕೆ ಆದ್ರೆ ಪೊಲೀಸರಿಗೆ ಫೋನ್ ಮಾಡ್ಬೇಡಿ, ನನಗೆ ಮಾಡಿ. ನಿಮ್ಮ ಪೈಕಿಯವ್ರಿಗೂ ಹೇಳಿ. ನಾನು ಹೋಗಿ ಬಾಗಿಲು ತಟ್ಟಿದ್ರೆ ಅವ್ರು ತೆಗೆಯಲ್ಲ. ನಿಮಗೆ ತೆಗೀತಾರೆ."

ಪಾತ್ರೆ ಹಿಡಿದುಕೊಂಡು ವಾಪಸು ಹೋದಳು. ಪೀಡೆ ತೊಲಗಿತು ಎಂದುಕೊಂಡೆ. ಹಾಗೆ ಎಂದುಕೊಂಡವರಿಗೆ ಆರ್ಡಿಸ್ ಎಂಥವಳು ಎಂದು ಗೊತ್ತಿರುವುದಿಲ್ಲ.

ಚರ್ಚಿನ ಊಟಗಳಲ್ಲಿ ಪಾತ್ರೆಗಳು ಅದಲುಬದಲಾಗಬಾರದೆಂದು ಅವರು ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆಯುತ್ತಾರೆ. ಆರ್ಡಿಸ್ ತನ್ನ ಪಾತ್ರೆಗಳ ತಳದಲ್ಲಿ ಹೆಸರಿನ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಹೆದರಿಕೆಯಾದರೆ ಮೊದಲು ನನಗೆ ಫೋನ್ ಮಾಡಿ.’ ಅದರ ಪಕ್ಕ ಅವಳ ನಂಬರು. ಬೀದಿಯ ಒಂದೊಂದು ಮನೆಗೂ ಹಾಟ್‌ಡಿಶ್ ಕೊಟ್ಟಳು. ಇಲ್ಲಿಯವರು ಬೇರೆಯವರ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ; ಏನಾದರೂ ಮಾಡಿ ತುಂಬಿಕೊಂಡೇ ಬರಬೇಕು. ಹಾಗೆ ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಕ್ಲಿಯಾನ್‌ನ ಕಾಯಿಲೆಯ ಬಗ್ಗೆ, ತಾನು ಮಾಡಿದ ಫೋನಿನ ಬಗ್ಗೆ, ಮುರಿದ ಮೂಳೆಯ ಬಗ್ಗೆ ಒಂದನ್ನೂ ಮುಚ್ಚಿಡದೆ ಹೇಳುತ್ತಿದ್ದಳು. ತಪ್ಪಿಸಿಕೊಳ್ಳುವುದು ಹೇಗೆ? ಬಾಯಲ್ಲಿ ಅವಳ ಕೇಕು.

ಹೆದರಿ ಫೋನ್ ಮಾಡಿದವರಿಗೆ ಅವಳದು ಒಂದೇ ಪ್ರಶ್ನೆ. "ಯಾರಿಗಾದ್ರೂ ಏಟು ಬೀಳ್ತಿದೆಯಾ, ಇಲ್ಲಾ ನಿನಗೆ ಹೆದರಿಕೆ ಆಗ್ತಿದೆಯಾ? ಎರಡೂ ಒಂದೇ ಅಲ್ಲ ಕಣಪ್ಪ." ಹೆದರಿಕೆ ಎಂದರೆ, "ಬಾಗಿಲು ಹಾಕ್ಕೊಂಡು ಕೂತಿರು, ಬಂದೆ," ಎನ್ನುವಳು. ಬರುವ ಮೊದಲು ನನಗೊಂದು ಫೋನು. ಸಾವಿನ ಸುದ್ದಿ ಮುಟ್ಟಿಸುತ್ತಿದ್ದ ಅದೇ ಹೆಂಗಸರ ಸಾಲು ಈಗ ನನ್ನ ತಮ್ಮನಿಗೂ ಓಡತೊಡಗಿತು. ಅವರಲ್ಲೊಬ್ಬಳು ನಿವೃತ್ತ ನರ್ಸು, ಕ್ಲಿಯಾನ್ ಮಾತ್ರೆ ನುಂಗಲು ಒಪ್ಪುತ್ತಿದ್ದುದು ಅವಳ ಕೈಯಿಂದ ಮಾತ್ರ. ಪೊಲೀಸರ ಬದಲು ಮನೋರೋಗದವರನ್ನು ನೋಡಿಕೊಳ್ಳುವ ತಂಡ ಬರಬೇಕೆಂದು ನಗರಸಭೆಯಲ್ಲಿ ಚರ್ಚೆಯಾದಾಗ ಈ ಹೆಂಗಸರು ಹೆಣಿಗೆ ಹಿಡಿದುಕೊಂಡು ಸಾಲಾಗಿ ಕೂತಿದ್ದರು. ಸಭೆ ಎಷ್ಟು ಎಳೆದರೂ ಅವರ ನೂಲು ಮುಗಿಯಲಿಲ್ಲ. ಕೊನೆಗೆ ಸಭೆಯವರೇ ಸುಸ್ತಾದರು.

ಅವಳು ದೇವತೆಯೇನಲ್ಲ. ಒಂದು ಸಲ ಚರ್ಚಿಗೆ ಬಂದು ನಮಗೆಲ್ಲ ಬುದ್ಧಿ ಹೇಳು ಎಂದು ದುಂಬಾಲು ಬಿದ್ದಳು.

"ನಾನು ನಿಮ್ಮ ಟೀಚರಲ್ಲ," ಎಂದೆ. "ಓದಿ ತಿಳ್ಕೊಳ್ಳಿ."

ಇನ್ನೊಂದು ಸಲ ಯಾರಿಗೋ ಅವನನ್ನು ‘ನಮ್ಮ ಕ್ಲಿಯಾನ್’ ಎಂದು ಪರಿಚಯಿಸಿದಳು.

"ನಿಮ್ಮವನು ಯಾವಾಗ ಆದ? ಅವನು ನನ್ನವನು," ಎಂದೆ.

ಅವಳ ಮುಖ ಕೆಂಪಾಯಿತು. ಸರಿ ಎಂದಳು. ಒಂದು ಸಲ ಸರಿ ಎಂದ ಮೇಲೆ ಆ ತಪ್ಪು ಮತ್ತೆ ಮಾಡುತ್ತಿರಲಿಲ್ಲ. ಹೊಗಳಿಕೆಗೂ ಕಾಯುತ್ತಿರಲಿಲ್ಲ. ಹಬ್ಬದ ಊಟದಲ್ಲಿ ಅವಳ ಅಣ್ಣನ ಮಗ ಕರಿಯರ ಬಗ್ಗೆ ಏನೋ ಆಡಿದನಂತೆ, ಅವನು ಉಣ್ಣುತ್ತಿದ್ದ ತಟ್ಟೆಯನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದಳಂತೆ. ಇದನ್ನು ಅವಳು ನನಗೆ ಹೇಳಲಿಲ್ಲ. ನರ್ಸಮ್ಮ ಹೇಳಿದ್ದು. ಅವಳು ಮಾಡಿದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಅದು.

ಈ ಬೀದಿಯಲ್ಲಿ ಇಪ್ಪತ್ತು ಚಳಿಗಾಲ ಕ್ಲಿಯಾನ್ ಅಗೆದ. ಆ ಮೊದಲ ದಿನದ ನಂತರ ಒಬ್ಬ ಪೊಲೀಸನೂ ಅವನನ್ನು ಮುಟ್ಟಲಿಲ್ಲ.

ಕೊನೆಯ ವರ್ಷ ಆರ್ಡಿಸ್‌ಗೆ ನಿಜವಾಗಿಯೂ ಕಿವಿ ಕೇಳದಾಯಿತು. ಬರುವ ಫೋನುಗಳು ರಿಂಗಾಗಿ ರಿಂಗಾಗಿ ಸುಮ್ಮನಾಗತೊಡಗಿದವು.

"ಒಡೆಸ್ಸಾ, ಪಾತ್ರೆ ಮೇಲೆ ನಿನ್ನ ನಂಬರೂ ಬರೀಲಾ?" ಎಂದು ನನ್ನನ್ನು ಕೇಳಿದಳು.

"ಬೇಡ. ಪರಿಚಯ ಇಲ್ಲದ ಬಿಳಿಯರೆಲ್ಲ ನನಗೆ ಫೋನ್ ಮಾಡೋದು ಬೇಡ."

ಅವಳು ಮತ್ತೆ ಕೇಳಲಿಲ್ಲ. ನಮ್ಮ ಕಡೆ ಬೇಡ ಎಂದರೆ ಬೇಡ ಎಂಬುದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಳು! ಒಂದು ವಾರ ತಡೆದು ನಾನೇ ಹೋಗಿ, "ಬರಿ ಮಾರಾಯ್ತಿ, ದೊಡ್ಡದಾಗೇ ಬರಿ," ಎಂದೆ.

ಹಾಗೆ ಎರಡು ನಂಬರು ಬರೆದ ಮೊದಲ ಪಾತ್ರೆ ಮೂಲೆಮನೆಯ ಹೊಸಬರಿಗೆ ಹೋಯಿತು. ಪಕ್ಕದ ರಾಜ್ಯ ಅಯೊವಾದ ಹಳ್ಳಿ ಕಡೆಯಿಂದ ಬಂದ ಡಾರಿನ್ ಎಂಬ ಗಡ್ಡದ ಹುಡುಗ, ಅವನ ಬಸುರಿ ಹೆಂಡತಿ, ಲಾರಿಯಷ್ಟು ದೊಡ್ಡ ಗಾಡಿ. ಅವನು ನಮ್ಮನ್ನು ಕಂಡರೆ ಗೋಣು ಹಾಕುತ್ತಿದ್ದ, ಅಷ್ಟೆ. ಎಲೆ ಉದುರಿತು, ಹಿಮ ಬಿತ್ತು, ಪಾತ್ರೆ ಮಾತ್ರ ವಾಪಸು ಬರಲಿಲ್ಲ.

ಹಾಸಿಗೆ ಹಿಡಿದ ಮೇಲೂ ಆರ್ಡಿಸ್‌ಗೆ ಅದೇ ಚಿಂತೆ. "ಆ ಹುಡುಗನ ಜೊತೆ ಕೂತು ಮಾತಾಡೋಕೇ ಆಗ್ಲಿಲ್ಲ ನೋಡು. ಪಾತ್ರೆ ತಂದಿದ್ರೆ ಹೇಳ್ತಿದ್ದೆ."

"ಪಾತ್ರೆ ನುಂಗೋನಿಗೆ ಹೇಳಿ ಏನು ಪ್ರಯೋಜನ?" ಎಂದೆ. ಒಳಗೆ ನನಗೂ ಪುಕುಪುಕು. ಬೀದಿಯಲ್ಲಿ ಅವಳು ಮಾತಾಡಿಸದೆ ಉಳಿದದ್ದು ಅದೊಂದೇ ಮನೆ.

ಫೆಬ್ರವರಿಯಲ್ಲಿ ಅವಳು ಹೋದಳು. ಅವಳ ಸಾವಿನ ಸುದ್ದಿ ಅವಳದೇ ಸಾಲಿನಲ್ಲಿ ಓಡಿತು. ಕ್ಲಿಯಾನ್‌ನ ಹದ ಆಗಲೇ ತಪ್ಪಿತ್ತು. ಶವಪೆಟ್ಟಿಗೆ ನೋಡಿದರೆ ಇನ್ನೂ ಕೆಡುತ್ತಾನೆ ಎಂದು ಮಲಗಿಸಿ, ನಾನೊಬ್ಬಳೇ ಚರ್ಚಿಗೆ ಹೋದೆ. ಪ್ರಾರ್ಥನೆ ಮುಗಿಸಿ ಕೆಳಗೆ ಊಟದ ಕೋಣೆಗೆ ಬಂದಾಗ ನನ್ನ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು.

"ಒಡೆಸ್ಸಾ ಅಂದ್ರೆ ನೀವೇನಾ? ನಾನು ಮೂಲೆಮನೆಯ ಡಾರಿನ್. ನಿಮ್ಮ ತಮ್ಮ ನಮ್ಮ ಅಂಗಳದಲ್ಲಿ ಅಗೀತಿದಾರೆ. ನನ್ನ ಹೆಂಡ್ತಿ ಹೆದರಿಬಿಟ್ಟಿದಾಳೆ. ಮೊದಲು ಫೋನ್ ಮಾಡಿ ಅಂತ ಪಾತ್ರೆ ಮೇಲೆ ಬರೆದಿದೆ, ಅದಕ್ಕೆ..."

"ಪೊಲೀಸರಿಗೆ ಮಾಡಿದ್ರಾ?"

"ಇಲ್ಲ. ನಿಮಗೇ ಮೊದಲು."

ಬಾಯಲ್ಲಿ ತುತ್ತು ಇಟ್ಟುಕೊಂಡಿದ್ದ ನರ್ಸಮ್ಮನನ್ನು ಹಾಗೇ ಎಬ್ಬಿಸಿ ಕಾರಿಗೆ ಹಾಕಿಕೊಂಡು ಹೊರಟೆ. ಅಕ್ಕಪಕ್ಕದಲ್ಲಿ ಯಾರು ನೋಡುತ್ತಿದ್ದಾರೋ, ದಾರಿಹೋಕರು ಯಾರು ಫೋನ್ ಎತ್ತಿದ್ದಾರೋ. ನಮ್ಮ ಬೀದಿಗೆ ತಿರುಗುವಾಗ ಪೊಲೀಸರ ಕೆಂಪು ನೀಲಿ ದೀಪ ಇದೆಯೇ ಎಂದು ನೋಡಿದೆ.

ದೀಪ ಇರಲಿಲ್ಲ. ಮೂಲೆಮನೆಯ ಅಂಗಳದಲ್ಲಿ ಇಬ್ಬರು ಗಂಡಸರು, ಇಬ್ಬರ ಕೈಯಲ್ಲೂ ಸಲಿಕೆ. ಕ್ಲಿಯಾನ್ ಒಂದು ಕಡೆಯಿಂದ, ಡಾರಿನ್ ಇನ್ನೊಂದು ಕಡೆಯಿಂದ ಬೆವರಿಳಿಸಿಕೊಂಡು ಹಿಮ ತೋಡುತ್ತಿದ್ದರು. ನಡುವೆ ಸತ್ತ ಹುಲ್ಲು ಆಗಲೇ ಕಾಣುತ್ತಿತ್ತು.

"ಆರ್ಡಿಸ್ ಇಲ್ಲಿ ಕೆಳಗಿದಾಳೆ ಅಂದ್ರು ಇವ್ರು," ಎಂದ ಡಾರಿನ್ ನಾಚಿಕೊಂಡು. "ನೀವು ಬರೋವರೆಗೂ ಸುಮ್ನೆ ನಿಂತು ನೋಡೋದು ಸರಿ ಅನ್ನಿಸ್ಲಿಲ್ಲ."

ಕ್ಲಿಯಾನ್ ನನ್ನನ್ನು ನೋಡಿದ. ಅವನ ಗಡ್ಡದ ತುಂಬ ಹಿಮ. "ಇಲ್ಲಿಲ್ಲ ಅಕ್ಕಾ. ಹುಲ್ಲಿನವರೆಗೂ ನೋಡಿದ್ವಿ."

"ಇಲ್ಲ ಕಣೋ. ಅವಳು ಚರ್ಚಲ್ಲಿದಾಳೆ. ಬೆಚ್ಚಗಿದಾಳೆ. ಬಾ, ನೋಡಿಕೊಂಡು ಬರೋಣ."

ನರ್ಸಮ್ಮ ಅವನ ಕೈಯಿಂದ ಸಲಿಕೆ ಮೆಲ್ಲಗೆ ಬಿಡಿಸಿಕೊಂಡು ಅವನನ್ನು ಕಾರಿನಲ್ಲಿ ಕೂರಿಸಿದಳು. ನಾನು ಅಲ್ಲೇ ನಿಂತು, ಆರ್ಡಿಸ್‌ಗೆ ಎಂದೂ ಬಾಯಿಬಿಟ್ಟು ಹೇಳದ ಮಾತನ್ನು ಗುರುತುಪರಿಚಯವಿಲ್ಲದ ಆ ಹುಡುಗನಿಗೆ ಹೇಳಿದೆ. "ನಿಮ್ಮ ಉಪಕಾರ ಮರೆಯಲ್ಲಪ್ಪ." ಹೇಳುತ್ತಲೇ ಅತ್ತೆ. ಅವನು ಏನು ಮಾಡುವುದೆಂದು ತೋಚದೆ ಒಳಗೋಡಿ, ಗಾಜಿನ ಪಾತ್ರೆ ತಂದು ಮುಂದೆ ಹಿಡಿದ. ಫಳಫಳ ತೊಳೆದಿಟ್ಟಿದ್ದ.

"ಯಾವತ್ತೋ ಕೊಡ್ಬೇಕಿತ್ತು. ಬರಿ ಪಾತ್ರೆ ಕೊಡಬಾರ್ದಲ್ಲ, ನಮ್ಮಿಬ್ಬರಿಗೂ ಅಡುಗೆ ಬರಲ್ಲ. ಏನು ತುಂಬ್ಸೋದು ಅಂತಾನೇ ಇಷ್ಟು ದಿನ ಆಯ್ತು. ನೀವು ತಗೊಳ್ಳಿ."

"ಬೇಡ," ಎಂದೆ.

"ತಗೊಳ್ಳಿ."

ತಳದ ಅಂಟುಪಟ್ಟಿಯಲ್ಲಿ ಆರ್ಡಿಸ್ ಹೆಸರು, ಅದರ ಕೆಳಗೆ ದೊಡ್ಡದಾಗಿ ನನ್ನದು. "ಬೇಡಪ್ಪ," ಎಂದೆ.

ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. "ತಗೊಳ್ಳಿ ಅಮ್ಮಾ."

ಎರಡೂ ಕೈ ಚಾಚಿ ಇಸಿದುಕೊಂಡೆ.